ಅಕ್ಷರ ತಲೆಕೆಳಗೆ ಓದುತ್ತಿದ್ದ ಕಾಕಾ

(ನಮ್ಮ ಕಾಕಾನ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಎರಡು ಸಾಲು ಬರೆದೆ ನೋಡಿ, ಆಗಿನಿಂದ ಕಾಕಾ, ಮಾವ, ದೊಡ್ಡಪ್ಪಂದಿರ ಪತ್ರಗಳೇ ಬರುತ್ತಿವೆ. ಈ ಸಲ ಮೂರಕ್ಕೆ ಉತ್ತರಿಸಿದ್ದೇನೆ. ಮೊದಲನೆಯದು ಉದ್ದವಾಯಿತು. ಸಂಪಾದಕರು ಕತ್ತರಿ ಹಾಕದಿದ್ದರೆ ಪುಣ್ಯ.)

ಪ್ರಶ್ನೆ: ಅಕ್ಕಾ, ನಮ್ಮ ಕಾಕಾ ತೀರಿಹೋಗಿ ಬರುವ ಕಾರ್ತಿಕಕ್ಕೆ ವರ್ಷ ತುಂಬುತ್ತದೆ. 32 ವರ್ಷ ಬಸ್ ಕಂಡಕ್ಟರ್ ಆಗಿದ್ದ. ನನ್ನನ್ನು ಓದಿಸಿದವನು ಅವನೇ. ಪುಣ್ಯತಿಥಿಗೆ ಸಣ್ಣದೊಂದು ಪುಸ್ತಿಕೆ ಮಾಡಿ ಬಂದವರ ಕೈಗೆ ಕೊಡೋಣ ಅಂತ ಮನೆಯವರು ಬರೆಯುವ ಕೆಲಸ ನನಗೆ ಹಚ್ಚಿದ್ದಾರೆ. ಬರೆಯಲು ಕೂತರೆ ‘ಸಜ್ಜನಿಕೆಯ ಸಾಕಾರಮೂರ್ತಿ’, ‘ನಿಸ್ವಾರ್ಥ ಜೀವಿ’ ಇಂಥವೇ ಬರುತ್ತವೆ. ಓದಿದರೆ ಯಾರದೋ ಕಾಕಾ ಅನಿಸುತ್ತಾನೆ. ಇನ್ನೊಂದು ತೊಡಕು: ಬಾಯಲ್ಲಿ ‘ಅವನು’ ಅಂತಿದ್ದೆ, ಬರಹದಲ್ಲಿ ‘ಅವರು’ ಅನ್ನಬೇಕೋ? ದಾರಿ ತೋರಿಸಿ.
ತಾ.ಕ.: ವಸ್ತಿ ಗಾಡಿ ನಮ್ಮೂರಿಗೇ ಬರುತ್ತಿತ್ತು. ಕಾಕಾ ರಾತ್ರಿ ಮನೆಗೆ ಬಂದು ಪೇಪರ್ ಹಾಸಿ, ನಾಲ್ಕಾಣೆ ಎಂಟಾಣೆ ಬೇರೆ ಬೇರೆ ಮಾಡಿ ಎಣಿಸುತ್ತಿದ್ದ. ಆ ಸಪ್ಪಳಕ್ಕೆ ನನಗೆ ನಿದ್ದೆ ಹತ್ತುತ್ತಿತ್ತು. ಇದೇನು ಬರೆಯುವಂಥದ್ದಲ್ಲ, ಸುಮ್ಮನೆ ನೆನಪಾಯಿತು.
– ಓದುಗ, ರಾಣೆಬೆನ್ನೂರು

ಉತ್ತರ: ತಮ್ಮಾ, ಬರೆಯುವಂಥದ್ದಲ್ಲ ಅಂತ ತಾ.ಕ.ಗೆ ತಳ್ಳಿದೆಯಲ್ಲ, ಪುಸ್ತಿಕೆ ಅಲ್ಲಿಂದಲೇ ಶುರು ಮಾಡು. ಸಜ್ಜನಿಕೆಯ ಸಾಕಾರಮೂರ್ತಿಗಳು ಪೇಪರಿನ ಒಳಪುಟದಲ್ಲಿ ದಿನಾ ನಾಲ್ಕು ಮಂದಿ ತೀರಿಕೊಳ್ಳುತ್ತಾರೆ. ಚಿಲ್ಲರೆ ಎಣಿಸುತ್ತ ಹುಡುಗನನ್ನು ಮಲಗಿಸಿದವನು ನಿಮ್ಮ ಕಾಕಾ ಒಬ್ಬನೇ.

ನಾನು ಹೇಗೆ ಬರೆದೆ ಅಂತ ಕೇಳಿದರೆ, ನಾನು ಇನ್ನೂ ಬರೆದೇ ಇಲ್ಲ. ನಿನಗೆ ಹೇಳುವ ನೆಪದಲ್ಲಿ ಈಗ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ರೈಲ್ವೆಯಲ್ಲಿದ್ದ. ಗದಗದಿಂದ ಸೊಲ್ಲಾಪುರಕ್ಕೆ ಹೋಗುವ ಮೀಟರ್ ಗೇಜ್ ದಾರಿಯ ಸಣ್ಣ ಸಣ್ಣ ಸ್ಟೇಶನ್ನುಗಳಿಗೆ ಬದಲಿ ಆಗುತ್ತಲೇ ಇರುತ್ತಿತ್ತು. ಸಾಲಿ ಕೆಡುತ್ತದೆ ಅಂತ 1971ರಲ್ಲಿ, ಐದನೆಯ ಇಯತ್ತೆಗೆ, ನನ್ನನ್ನು ಗದಗಿನಲ್ಲಿ ಕಾಕಾ–ಚಿಗವ್ವರ ಹತ್ತಿರ ಬಿಟ್ಟ. ಕಾಕಾ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್. ಅಚ್ಚಿನ ಮೊಳೆ ಜೋಡಿಸುವುದು ಅವನ ಕೆಲಸ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದೆ. ಹೆಸರು ಸುಮ್ಮನೆ ಬರಲಿಲ್ಲ. ಹತ್ತಿ ಪೇಟೆಯ ದಲಾಲಿ ಅಂಗಡಿಗಳಿಗೆ ಬಿಲ್ ಬುಕ್ಕು, ಸಹಕಾರಿ ಸಂಘಗಳಿಗೆ ವರ್ಷದ ಲೆಕ್ಕದ ಅಢಾವೆ ಪತ್ರಿಕೆ (ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಕಟ್ಟಿದ ಸೀಮೆ ಇದು), ಮಠಗಳಿಗೆ ಪುರಾಣದ ಪುಸ್ತಕ, ಸಾಲಿಗಳಿಗೆ ಪ್ರಶ್ನೆಪತ್ರಿಕೆ, ಜಾತ್ರೆಗೆ ಕ್ಯಾಂಪ್ ಹಾಕಿದ ನಾಟಕ ಕಂಪನಿಗಳಿಗೆ ಗುಲಾಬಿ ಕಾಗದದ ಹ್ಯಾಂಡ್‌ಬಿಲ್ಲು. ಎಲ್ಲವೂ ಯಾರದೋ ಬೆರಳು ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸಿದ್ದು. ಅವುಗಳಲ್ಲಿ ಎರಡು ಬೆರಳು ನಮ್ಮ ಕಾಕಾನವು.

ಸಾಲಿ ಬಿಟ್ಟ ಮೇಲೆ ಮನೆ ಕೀಲಿ ತರಲು ಪ್ರೆಸ್ಸಿಗೆ ಹೋಗುತ್ತಿದ್ದೆ. ಬಾಗಿಲ ಹತ್ತಿರ ಕಾಲಿನಿಂದ ತುಳಿಯುವ ಟ್ರೆಡಲ್ ಮಷಿನ್ನು, ಒಳಗೆ ಇಳಿಜಾರಾಗಿ ನಿಲ್ಲಿಸಿದ ಕಟ್ಟಿಗೆಯ ಕೇಸುಗಳು. ಕೇಸಿನ ತುಂಬ ಸಣ್ಣ ಸಣ್ಣ ಖಾನೆ, ಖಾನೆಯ ತುಂಬ ಸೀಸದ ಮೊಳೆ. ಬರೀ ಸೀಸ ಅಲ್ಲ, ತವರ ಮತ್ತು ಆಂಟಿಮನಿ ಕೂಡಿಸಿ ಎರಕ ಹೊಯ್ದದ್ದು, ಇಲ್ಲದಿದ್ದರೆ ಒತ್ತಿದ ಕೂಡಲೇ ಅಪ್ಪಚ್ಚಿಯಾಗುತ್ತದೆ ಅಂತ ಕಾಕಾ ಹೇಳಿದ್ದು. ಇಂಗ್ಲಿಷಿಗೆ ದೊಡ್ಡ ಅಕ್ಷರದ್ದೊಂದು, ಸಣ್ಣ ಅಕ್ಷರದ್ದೊಂದು ಕೇಸಿದ್ದರೆ ನಡೆಯುತ್ತಿತ್ತು. ಕನ್ನಡಕ್ಕೆ ಹಾಗಲ್ಲ. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಮೇಲೆ ಒತ್ತಕ್ಷರದ ಹಿಂಡು. ಖಾನೆಗಳಿಗೆ ಚೀಟಿ ಅಂಟಿಸಿರಲಿಲ್ಲ. ಯಾವ ಅಕ್ಷರ ಎಲ್ಲಿದೆ ಅಂತ ಕೈಗೆ ಗೊತ್ತು. ಕಣ್ಣು ಕೈಬರಹದ ಕಾಪಿಯ ಮೇಲೆ, ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಕೋಳಿ ಕಾಳು ಹೆಕ್ಕಿದಂತೆ. ಸ್ಟಿಕ್ಕು ಅಂದರೆ ಅಂಗೈ ಮೇಲೆ ಕೂಡುವ ಕಬ್ಬಿಣದ ತಟ್ಟೆ. ಸಾಲು ಅದರಲ್ಲೇ ಬೆಳೆಯುತ್ತದೆ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು, ಅದನ್ನು ತಲೆಕೆಳಗೆ ಮಾಡಿ ಎಡದಿಂದ ಬಲಕ್ಕೆ ಜೋಡಿಸುವುದು. ಹಾಗಾಗಿ ಕಾಕಾನಿಗೆ ಹಾಳೆ ಯಾವ ದಿಕ್ಕಿಗಿದ್ದರೂ ಒಂದೇ. ಒಂಬತ್ತನೆಯ ಇಯತ್ತೆಯಲ್ಲಿ ಹೆಡ್ ಮಾಸ್ತರರು ನನ್ನ ಮಾರ್ಕಿನ ಹಾಳೆ ತಮ್ಮ ಕಡೆ ತಿರುಗಿಸಿ ಇಟ್ಟುಕೊಂಡು ಕನ್ನಡಕ ಹುಡುಕುತ್ತಿದ್ದರು. ಎದುರು ಕುರ್ಚಿಯಿಂದ ಕಾಕಾ, ‘ಗಣಿತದಾಗ ನಲವತ್ತೊಂದು ಅಂತ ಅದ ಅಲ್ರೀ ಮಾಸ್ತರ?’ ಅಂದ. ಮನೆಗೆ ಬರುವಾಗ ದಾರಿಯಲ್ಲಿ ಗಿರ್ಮಿಟ್ ಕೊಡಿಸಿದ, ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಸಂಜೆ ಮನೆಗೆ ಬಂದವನೇ ಯಾರನ್ನೂ ಮುಟ್ಟುತ್ತಿರಲಿಲ್ಲ. ಹಿತ್ತಲಲ್ಲಿ ಮೊದಲು ಚಿಮಣಿ ಎಣ್ಣೆ ಹಚ್ಚಿ ಕೈ ತಿಕ್ಕಿ, ಆಮೇಲೆ ಸಾಬೂನು, ಆಮೇಲೆ ಬೂದಿ. ಆದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿಯುತ್ತಿತ್ತು. ಚಿಗವ್ವ ರೊಟ್ಟಿ ಹಾಕುತ್ತ, ‘ಸೀಸ ಹೊಟ್ಟಿಗೆ ಹೋದೀತು, ಇನ್ನೊಮ್ಮೆ ತೊಳಿ’ ಅನ್ನುವಳು. ಅವನು ಇನ್ನೊಮ್ಮೆ ತೊಳೆಯುವನು. ಆ ಮನೆಯಲ್ಲಿ ಚಿಗವ್ವನ ಮಾತಿಗೆ ಎದುರು ಮಾತಿರಲಿಲ್ಲ, ದುಡ್ಡಿನ ವಿಷಯ ಬಿಟ್ಟು. ಆ ಕಥೆ ಮುಂದೆ ಬರುತ್ತದೆ. ರಾತ್ರಿ ಮಲಗಿದಾಗಲೂ ಅವನ ಹೆಬ್ಬೆರಳು, ತೋರುಬೆರಳು ಗಾಳಿಯಲ್ಲಿ ಏನೋ ಹೆಕ್ಕಿ ಹೆಕ್ಕಿ ಹಾಕುತ್ತಿದ್ದವು.

ಮನೆಗೆ ಪ್ರೂಫ್ ತಂದ ದಿನ ನನಗೆ ಕೆಲಸ. ಕಾಪಿ ಹಿಡಿದು ನಾನು ಗಟ್ಟಿಯಾಗಿ ಓದಬೇಕು, ಅವನು ಕರಡಿನ ಮೇಲೆ ಬೆರಳಾಡಿಸುತ್ತ ಹೋಗಬೇಕು. ‘ಕಾಮಾ, ಪೂರ್ಣವಿರಾಮ, ಹೊಸ ಪ್ಯಾರಾ’ ಎಲ್ಲವನ್ನೂ ಬಾಯಿಬಿಟ್ಟು ಅನ್ನಬೇಕು. ಸಹಕಾರಿ ಸಂಘದ ವಾರ್ಷಿಕ ವರದಿಯ ಶಿಲ್ಕು, ಠೇವು, ಮುದ್ದತಿ ಠೇವುಗಳನ್ನು ಹನ್ನೆರಡು ವರ್ಷದ ಹುಡುಗಿ ಪದ್ಯದಂತೆ ಓದುತ್ತಿದ್ದುದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನನ್ನ ಕನ್ನಡ ಸುಧಾರಿಸಿದ್ದು ಸಾಲಿಯಲ್ಲಲ್ಲ, ಆ ಅಢಾವೆ ಪತ್ರಿಕೆಗಳಿಂದ.

ನಿಮ್ಮ ಕಾಕಾನ ತಪ್ಪನ್ನೂ ಬರೆ ತಮ್ಮಾ. ಒಂದಾದರೂ ಬರೆ. ನಮ್ಮವನದು ಇಲ್ಲಿದೆ. ಒಂದು ವೈಶಾಖ, ಲಗ್ನಪತ್ರಿಕೆಗಳ ಸುಗ್ಗಿ. ಆ ದಿನಗಳಲ್ಲಿ ‘ಶ್ರೀ’ ಮೊಳೆಗೆ ಬರ ಬರುತ್ತಿತ್ತು, ಒಂದು ಪತ್ರಿಕೆಗೆ ಹತ್ತು ಹನ್ನೆರಡು ‘ಶ್ರೀ’ ಬೇಕಲ್ಲ. ಒಂದು ಲಗ್ನದ್ದು ಅಚ್ಚಾದ ಕೂಡಲೇ ಬಿಚ್ಚಿ ಇನ್ನೊಂದಕ್ಕೆ ಜೋಡಿಸಬೇಕು. ಆ ಗಡಿಬಿಡಿಯಲ್ಲಿ ‘ವಧು’ವಿನ ಕೊಂಬು ಸವೆದದ್ದು ಬಿತ್ತೋ, ಮಷಿನ್ನಿನಲ್ಲಿ ಮುರಿಯಿತೋ, ಮುನ್ನೂರು ಪತ್ರಿಕೆಗಳಲ್ಲಿ ‘ವಧ’ ಅಂತ ಅಚ್ಚಾಗಿ ಹೋಯಿತು. ಮಗಳ ತಂದೆ ಪತ್ರಿಕೆ ಹಿಡಿದುಕೊಂಡು ಪ್ರೆಸ್ಸಿನ ಕಟ್ಟೆ ಮೇಲೆ ಕೂತು ಅತ್ತರಂತೆ. ಮಾಲಕರು ಕಾಗದದ ದುಡ್ಡನ್ನು ಕಾಕಾನ ಪಗಾರದಲ್ಲಿ ಹಿಡಿದರು. ಅವತ್ತು ರಾತ್ರಿ ಅವನು ಮನೆಗೆ ಬರಲಿಲ್ಲ. ಮತ್ತೆ ಜೋಡಿಸಿ, ತಾನೇ ಟ್ರೆಡಲ್ ತುಳಿದು, ಬೆಳಕು ಹರಿಯುವಾಗ ಮುನ್ನೂರು ಪತ್ರಿಕೆ ಹೊತ್ತು ಅವರ ಬಾಗಿಲಿಗೆ ಹೋದ. ಅವರು ಅವನನ್ನು ಲಗ್ನಕ್ಕೆ ಕರೆದರು. ಹೋದ. ಊಟ ಮಾಡದೆ ಬಂದ.

ಸಿಟ್ಟು ಬಂದಾಗಲೂ, ತಪ್ಪಾದಾಗಲೂ ಅವನು ವೀರನಾರಾಯಣನ ಗುಡಿಗೆ ಹೋಗಿ ಕೂಡುತ್ತಿದ್ದ. ಕುಮಾರವ್ಯಾಸ ಅಲ್ಲಿನ ಕಂಬದ ಬುಡದಲ್ಲಿ ಕೂತು ಭಾರತ ಬರೆದ ಅನ್ನುವುದು ನಮ್ಮೂರ ನಂಬಿಕೆ. ಒಮ್ಮೆ ಇಟ್ಟ ಪದವನ್ನು ಅಳಿಸಲಿಲ್ಲ ಎಂದು ಕವಿ ತಾನೇ ಹೇಳಿಕೊಂಡಿದ್ದಾನೆ. ಸಾಲಿಯಲ್ಲಿ ಅದನ್ನು ಕಲಿತು ಬಂದು ಕಾಕಾನ ಮುಂದೆ ಜಂಬದಿಂದ ಹೇಳಿದೆ. ಅವನು ಎಲೆಅಡಿಕೆ ಜಗಿಯುತ್ತ ಒಂದು ನಿಮಿಷ ಸುಮ್ಮನಿದ್ದು, ‘ಅವಗೇನವಾ, ಪ್ರೂಫ್ ನೋಡಾವ್ರು ಇರಲಿಲ್ಲ’ ಅಂದ. ಚಿಮಟ ಹಿಡಿದು ದಿನವೆಲ್ಲ ತಪ್ಪು ಮೊಳೆ ಕೀಳುವವನ ಕಷ್ಟ ಅದು.

ಅವನ ಜಾಣತನವೂ ಒಂದು ಹೇಳಿಬಿಡುತ್ತೇನೆ. ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಸಾಲಿಗೆ ಮೂರು ಆಶ್ಚರ್ಯಸೂಚಕ ಬೇಕು. ‘ಬನ್ನಿರಿ! ನೋಡಿರಿ! ನಗಿರಿ!’ ಚಿಹ್ನೆ ಮುಗಿದರೆ ಕಾಕಾ ಇಂಗ್ಲಿಷ್ ಕೇಸಿನಿಂದ ಸಣ್ಣ ‘ಐ’ ತೆಗೆದು ತಲೆಕೆಳಗೆ ನಿಲ್ಲಿಸುತ್ತಿದ್ದ. ಮೇಲಿನ ಚುಕ್ಕೆ ಕೆಳಗೆ ಬಂದು ಆಶ್ಚರ್ಯ ಸಿದ್ಧ! ಯಾರಿಗೂ ಗೊತ್ತಾಗಲಿಲ್ಲ. ನನಗೆ ಹೇಳಿದ, ‘ಎಲ್ಲೂ ಅನ್ನಬ್ಯಾಡ’ ಅಂದ. ಅನ್ನಲಿಲ್ಲ, ಇವತ್ತಿನವರೆಗೆ.

1994ರಲ್ಲಿ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಕೇಸು ಉರುವಲಾದವು, ಮೊಳೆ ಕಿಲೋ ಲೆಕ್ಕದಲ್ಲಿ ಹೋದವು. ಕಾಕಾನನ್ನು ಪ್ರೂಫ್ ನೋಡಲು ಇಟ್ಟುಕೊಂಡರು. ಮೊದಲ ತಿಂಗಳು ಅವನ ಕೈಯಿಂದ ತಪ್ಪಿನ ಮೇಲೆ ತಪ್ಪು ಜಾರಿ ಹೋದವು. ‘ಸೀದಾ ಇದ್ದ ಅಕ್ಷರ ನೋಡಿದ್ರ ತಪ್ಪು ಕಾಣಂಗಿಲ್ಲವಾ, ಓದಿಸಿಕೊಂಡು ಓಡತಾವ’ ಅಂದ. ಆಮೇಲೆ ಪ್ರಿಂಟೌಟನ್ನು ತಲೆಕೆಳಗೆ ಹಿಡಿದು ಓದತೊಡಗಿದ. ಕಂಪ್ಯೂಟರಿನ ಮುಂದೆ ಕೂಡುವ ಹುಡುಗರು ಮುದುಕನಿಗೆ ಭ್ರಮೆ ಅಂತ ನಕ್ಕರು. ತಪ್ಪು ಸಿಗತೊಡಗಿದ ಮೇಲೆ ನಗುವುದು ಬಿಟ್ಟರು. (ನಾನು ಈ ಅಂಕಣವನ್ನು ಕಳಿಸುವ ಮುಂಚೆ ಹಾಗೇ ಓದುತ್ತೇನೆ. ನಿಧಾನ ಆಗುತ್ತದೆ, ಅದಕ್ಕೇ ಕಾಣುತ್ತದೆ.)

2010ರ ಸೆಪ್ಟೆಂಬರಿನಲ್ಲಿ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ತೀರಿಕೊಂಡಾಗ ಊರ ತುಂಬ ಫ್ಲೆಕ್ಸ್ ಎದ್ದವು. ನಾನು ಧಾರವಾಡದಿಂದ ಹೋಗಿದ್ದೆ. ಕಾಕಾ ಅಳುತ್ತಿದ್ದ, ಅಳುತ್ತಲೇ ಎಣಿಸುತ್ತಿದ್ದ. ಎಷ್ಟು ಫ್ಲೆಕ್ಸಿನಲ್ಲಿ ‘ಶ್ರದ್ಧಾಂಜಲಿ’ ತಪ್ಪಾಗಿದೆ ಅಂತ. ‘ಕಣ್ಣಿಲ್ಲದ ಅಜ್ಜಾರು ಸಾವಿರ ಮಂದಿಗೆ ಸ್ವರ ಕಲಿಸಿದ್ರು, ಕಣ್ಣಿದ್ದ ನಮಗ ಒಂದು ಒತ್ತು ಬರವಲ್ದು’ ಅಂದ. ಮರುವರ್ಷ ಅವನೇ ಹೋದ, 75 ತುಂಬಿತ್ತು. ಓಣಿಯ ಹುಡುಗರು ಪ್ರೀತಿಯಿಂದ ಫ್ಲೆಕ್ಸ್ ಮಾಡಿಸಿ ಮನೆ ಮುಂದೆ ಕಟ್ಟಿದರು. ‘ಭಾವಪೂರ್ಣ ಶ್ರದ್ದಾಂಜಲಿ.’ ನಾನು ಸ್ಟೂಲ್ ತರಿಸಿ ಹತ್ತಿ, ಕರಿ ಮಾರ್ಕರಿನಿಂದ ಆ ಒತ್ತಿನ ಬುಡಕ್ಕೆ ಒಂದು ಸೀಳು ಎಳೆದೆ. ಬಂದವರು ಅಂದುಕೊಂಡಿರಬೇಕು, ಹೆಣ ಒಳಗಿದೆ, ಇವಳಿಗೇನಾಗಿದೆ ಅಂತ. ಚಿಗವ್ವ ಮಾತ್ರ ಬಾಗಿಲಲ್ಲಿ ನಿಂತು, ‘ಪೂರ್ಣಕ್ಕ ಅರ್ಕಾವತ್ತು ಸರಿ ಐತೇನು ನೋಡು’ ಅಂದಳು.

ಇನ್ನು ‘ಅವನು’, ‘ಅವರು’. ನಾನು ಇಷ್ಟುದ್ದಕ್ಕೂ ಏನು ಬರೆದೆ ನೋಡಿಕೊಂಡೆಯಲ್ಲ. ನಮ್ಮ ಕಡೆ ಅವ್ವ, ಅಪ್ಪ, ಕಾಕಾ, ದೇವರು ನಾಲ್ವರಿಗೂ ಏಕವಚನ. ಮನೆಯ ಹಿರಿಯರು ತಕರಾರು ತೆಗೆದರೆ ಫೋಟೋದ ಕೆಳಗಿನ ಸಾಲಿನಲ್ಲಿ ‘ಅವರು’ ಹಾಕು, ಅದು ಊರಿಗೆ. ಒಳಗೆ ‘ಅವನು’ ಇರಲಿ. ಹದಿನಾರು ಪುಟ ಸಾಕು. ಟಿಕೆಟ್ ಹಿಂದೆ ಬರೆದುಕೊಟ್ಟ ಚಿಲ್ಲರೆ ಬಾಕಿ, ಸೀಟಿ, ಚರ್ಮದ ಚೀಲ ಎಲ್ಲಿ ತೂಗುಹಾಕುತ್ತಿದ್ದ, ಯಾವ ಊರಿನವರ ಜೊತೆ ಟಿಕೆಟಿಗೆ ಜಗಳ, ಯಾರಿಗೆ ಟಿಕೆಟಿನ ದುಡ್ಡು ತಾನೇ ಹಾಕಿದ, ಇವೇ ತುಂಬಿ ಹೋಗುತ್ತವೆ. ಅಚ್ಚಿಗೆ ಕೊಡುವ ಮುಂಚೆ ನನಗೊಂದು ಪ್ರತಿ ಕಳಿಸು, ತಲೆಕೆಳಗೆ ಹಿಡಿದು ಓದಿಕೊಡುತ್ತೇನೆ.

ಪ್ರಶ್ನೆ: ನಮ್ಮ ಚಿಕ್ಕಪ್ಪನ ನೆನಪುಗಳನ್ನು ಮಕ್ಕಳಿಗಾಗಿ ಬರೆದಿಡುತ್ತಿದ್ದೇನೆ. ಅವರಿಗೂ ನಮ್ಮ ತಂದೆಗೂ ತೋಟದ ಪಾಲಿನ ವಿಷಯದಲ್ಲಿ ವರ್ಷಗಟ್ಟಲೆ ಮಾತಿರಲಿಲ್ಲ. ಇಬ್ಬರೂ ಈಗಿಲ್ಲ. ಆ ಜಗಳವನ್ನು ಬರೆಯುವುದೇ, ಬಿಡುವುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬರೆಯಿರಿ. ಯಾರದು ಸರಿ ಅಂತ ತೀರ್ಪು ಮಾತ್ರ ಬೇಡ. ನಾನು ಮೇಲೆ ದುಡ್ಡಿನ ಕಥೆ ಮುಂದೆ ಬರುತ್ತದೆ ಅಂದೆನಲ್ಲ, ಅದು ಇದೇ.

ಕಾಕಾ ನಾಟಕ ಕಂಪನಿಯವರಿಗೆ ಉದ್ರಿ ಅಚ್ಚು ಹಾಕಿಸಿಕೊಟ್ಟು, ಅವರು ಕ್ಯಾಂಪ್ ಕಿತ್ತುಕೊಂಡು ಹೋದ ಮೇಲೆ ಮಾಲಕರಿಗೆ ತಾನೇ ತುಂಬಿಕೊಡುತ್ತಿದ್ದ. ಚಿಗವ್ವನ ಪಾಟಲಿ ಎರಡು ಸಲ ಒತ್ತೆಗೆ ಹೋದವು. ಎರಡನೆಯ ಸಲ ಬಿಡಿಸಲು, 1978ರಲ್ಲಿ, ಹಿರಿಯರ ಮನೆಯಲ್ಲಿ ತನ್ನ ವಾಟ್ನಿ, ಅಂದರೆ ಪಾಲು, ಕೇಳಿದ. ಅಪ್ಪ ‘ನಾಟಕದವರಿಗೆ ಹಂಚಾಕ ಮನಿ ಒಡೀಬೇಕೇನು’ ಅಂದ. ಮಾತು ಬೆಳೆಯಿತು, ಮನೆ ನಡುವೆ ಗೋಡೆ ಎದ್ದಿತು, ಎಂಟು ವರ್ಷ ಅಣ್ಣ ತಮ್ಮ ಮಾತಾಡಲಿಲ್ಲ. ಅಪ್ಪನದೂ ಸುಳ್ಳಲ್ಲ, ಕಾಕಾನದೂ ಸುಳ್ಳಲ್ಲ. ನಾನು ಗೋಡೆಯ ಎರಡೂ ಕಡೆ ಚಹಾ ಕುಡಿಯುತ್ತಿದ್ದೆ.

1986ರಲ್ಲಿ ನನ್ನ ಲಗ್ನ ಗೊತ್ತಾಯಿತು. ಪತ್ರಿಕೆ ಎಲ್ಲಿ ಅಚ್ಚು ಹಾಕಿಸುವುದು ಅಂತ ಮಾತು ಬಂದಾಗ ಅಪ್ಪ ಉತ್ತರ ಕೊಡದೆ ಬರೆದ ಕಾಪಿಯನ್ನು ನನ್ನ ಕೈಯಲ್ಲಿಟ್ಟ. ಕಾಕಾ ಜೋಡಿಸಿ ಪ್ರೂಫ್ ಕೊಟ್ಟ, ‘ನಿಮ್ಮಪ್ಪಗ ತೋರಿಸು’ ಅಂದ. ಅಪ್ಪ ಕನ್ನಡಕ ಹಾಕಿ ಒಂದು ದೀರ್ಘ ತಿದ್ದಿ ಕಳಿಸಿದ. ಎರಡನೆಯ ಪ್ರೂಫ್ ಬಂತು. ಅದರಲ್ಲಿ ಅಪ್ಪನ ಹೆಸರಿನ ಅಕ್ಷರ ಒಂದು ಸೈಜು ದೊಡ್ಡದಾಗಿತ್ತು. ಅಪ್ಪ ಬಹಳ ಹೊತ್ತು ನೋಡಿ, ಕೆಳಗೆ ‘ಆಮಂತ್ರಿಸುವವರು’ ಅನ್ನುವಲ್ಲಿ ಕಾಕಾನ ಹೆಸರು ಬರೆದು, ಪಕ್ಕದಲ್ಲಿ ‘ಇದೂ ಅದೇ ಅಕ್ಷರದಾಗ’ ಅಂತ ಸೇರಿಸಿದ. ಮೂರನೆಯ ಪ್ರೂಫ್ ಬಂತು. ಇಷ್ಟು ಸಣ್ಣ ಪತ್ರಿಕೆಗೆ ಮೂರು ಪ್ರೂಫ್ ಯಾರೂ ತೆಗೆಯುವುದಿಲ್ಲ. ನಾಲ್ಕನೆಯದನ್ನು ಕಾಕಾ ತಾನೇ ತಂದ.

ಆ ಮೂರನೆಯ ಪ್ರೂಫ್ ನನ್ನ ಹತ್ತಿರ ಇದೆ. ಲಗ್ನದ ಫೋಟೋಗಳಿಗಿಂತ ಜೋಪಾನವಾಗಿ ಇಟ್ಟಿದ್ದೇನೆ. ಗೋಡೆ ಏನಾಯಿತು ಅಂತ ಕೇಳಬೇಡಿ, ಅದು ಹಾಗೇ ಇದೆ. ನಡುವೆ ಒಂದು ಬಾಗಿಲು ಒಡೆಸಿದರು, ಅಷ್ಟೇ.

ಪ್ರಶ್ನೆ: ನಮ್ಮ ಸೋದರಮಾವಗೆ 84. ಜೀವನವಿಡೀ ಮಗ್ಗದ ಮುಂದೆ ಕೂತವರು. ಅವರ ಬದುಕಿನ ಕಥೆ ರೆಕಾರ್ಡ್ ಮಾಡೋಣ ಅಂತ ಮೊಬೈಲ್ ಹಿಡಿದು ಕೂತರೆ ‘ಏನೈತಿ ಹೇಳಾಕ, ನೇದ್ವಿ, ಉಂಡ್ವಿ’ ಅಂದು ಎದ್ದು ಹೋಗುತ್ತಾರೆ. ಏನು ಮಾಡಲಿ?
– ಓದುಗಳು, ಇಳಕಲ್ಲ

ಉತ್ತರ: ಮೊಬೈಲನ್ನು ಕಿಸೆಯಲ್ಲಿ ಇಡು ತಂಗಿ. ನಾನೂ ಹಾಗೇ ಮಾಡಿ ಕೆಟ್ಟವಳು. ‘ಕಾಕಾ, ನಿನ್ನ ಜೀವನದ ಬಗ್ಗೆ ಹೇಳು’ ಅಂದೆ, ಅವನು ‘ಚಹಾ ಕುಡಿ’ ಅಂದ. 2009ರಲ್ಲಿ ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಸ್ಟಿಕ್ಕೊಂದು ಸಿಕ್ಕಿತು. ಒಯ್ದು ಮಾತಾಡದೆ ಅವನ ಎಡಗೈಯಲ್ಲಿ ಇಟ್ಟೆ. ಬೆರಳುಗಳು ತಾವೇ ಮಡಚಿಕೊಂಡವು, ಹೆಬ್ಬೆರಳು ಒಳಗೆ ಹೋಗಿ ಇಲ್ಲದ ಸಾಲಿನ ಕೊನೆಯ ಮೊಳೆಯನ್ನು ಒತ್ತಿ ಹಿಡಿಯಿತು. ‘ಇದರ ಸ್ಕ್ರೂ ಸಡ್ಲಾಗೇದ, ಸಾಲು ನಿಂದ್ರಂಗಿಲ್ಲ’ ಅಂದ. ಅಲ್ಲಿಂದ ಹಿಡಿದವನು ಚಿಗವ್ವ ಊಟಕ್ಕೆ ಕೂಗುವ ತನಕ ಬಿಡಲಿಲ್ಲ. ಮೇಲೆ ಬರೆದದ್ದರಲ್ಲಿ ಅರ್ಧಕ್ಕರ್ಧ ಅವತ್ತಿನ ಮಾತು.

ನಿಮ್ಮ ಮನೆಯಲ್ಲಿ ಅವರೇ ನೇಯ್ದ ಸೀರೆ ಒಂದಾದರೂ ಇರಬೇಕಲ್ಲ, ಅವ್ವನದೋ ಅಜ್ಜಿಯದೋ. ಅದನ್ನು ತಗೊಂಡು ಹೋಗು. ಇಳಕಲ್ಲ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ, ಅಲ್ಲವೇ? ‘ಮಾವಾ, ಇಲ್ಲಿ ಕೊಂಡಿ ಒಂದು ಬಿಟ್ಟಂಗ ಕಾಣತೈತಿ’ ಅಂತ ಸುಳ್ಳೇ ಅನ್ನು. ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಹೋಗು, ಮುಂಚೆ ಬೇಡ. ಸೀರೆ ಕೊಡುವಾಗ ಒಳಮಗ್ಗಲು ಮೇಲೆ ಮಾಡಿ ಕೊಡು.